ಹಾಡಿನ ಇನ್ನರ್ಧ

ನನ್ನ ಗಂಡನದು ಪಾಳಾದಲ್ಲಿ ಒಂದು ಹಿಟ್ಟಿನ ಗಿರಣಿ. ನಾನು ಅಲ್ಲಿಂದ ಸ್ವಲ್ಪ ದೂರದ ಸಣ್ಣ ಹಳ್ಳಿಯೊಂದರ ಶಾಲೆಯಲ್ಲಿ ಅಕ್ಕೋರು. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿದೆ. ಇದ್ದೊಬ್ಬ ಮಗಳನ್ನು ಹಳಿಯಾಳಕ್ಕೆ ಕೊಟ್ಟಿದ್ದೇವೆ. ಗಿರಣಿಯ ಸದ್ದಿನಲ್ಲಿ ದಿನವೆಲ್ಲ ನಿಲ್ಲುವವರು ಸಾಮಾನ್ಯವಾಗಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಾರೆ. ನಮ್ಮವರು ಹಾಗಲ್ಲ, ಮಾತೇ ಕಡಿಮೆ. ಬೀಸಲು ತಂದವರಿಗೂ ಬೆರಳಲ್ಲೇ ತೋರಿಸುತ್ತಾರೆ, ಇಲ್ಲಿಡು, ಅಲ್ಲಿ ಕೂಡು, ಸಂಜೆಗೆ ಬಾ ಎಂದು. ಆದರೆ ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತೆಂದರೆ ಜೋಳದ ಚೀಲದ ಮೇಲೆ ಕೂತು ಹಾಡುತ್ತಾರೆ. ಹುಬ್ಬಿಗೆ, ಮೀಸೆಗೆ ಹಿಟ್ಟು ಹತ್ತಿಕೊಂಡೇ ಇರುತ್ತದೆ. ಕರೆಂಟು ಬರುವವರೆಗೆ ಕಾದು ಕೂತ ಹೆಂಗಸರು ಸುಮ್ಮನೆ ಕೇಳುತ್ತಾರೆ. ಮೊದಲಿನಿಂದಲೂ ಇದು ಹೀಗೆಯೇ.

ಅವರು ಹೆಚ್ಚಾಗಿ ಹಾಡುವುದು ಒಂದೇ ಹಾಡು. ಅದರ ಹೆಸರು ಇಲ್ಲಿ ಬೇಡ. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಬಂದ ಒಂದು ಸಿನೆಮಾದ ಯುಗಳಗೀತೆ ಎಂದರೆ ಸಾಕು. ಸಿನೆಮಾ ಈಗ ಯಾರಿಗೂ ನೆನಪಿಲ್ಲ, ಹಾಡು ಮಾತ್ರ ಉಳಿದುಕೊಂಡಿತು. ಮುಂಡಗೋಡದ ಕಲ್ಯಾಣಮಂಟಪಗಳಲ್ಲಿ ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಶುರುವಾಗುವಾಗ ಇಂದಿಗೂ ಅದನ್ನು ಹಚ್ಚುತ್ತಾರೆ. ಹುಬ್ಬಳ್ಳಿ ಬಸ್ಸಿನಲ್ಲಿ ಯಾರದೋ ಫೋನು ರಿಂಗಾದರೆ ಕೆಲವೊಮ್ಮೆ ಆ ಹಾಡಿನ ಮೊದಲ ಕೊಳಲು ಕೇಳುತ್ತದೆ. ಆ ಹಾಡಿನಲ್ಲಿ ಆರ್ಭಟವಿಲ್ಲ. ಅವನು ಒಂದು ಸಾಲಿನಲ್ಲಿ ಏನೋ ಕೇಳುತ್ತಾನೆ, ಅವಳು ಒಂದು ಸಾಲಿನಲ್ಲಿ ಹೇಳುತ್ತಾಳೆ. ದೊಡ್ಡ ಮಾತೇನಲ್ಲ. ಬಿಸಿಲಿನಲ್ಲಿ ನಡೆದು ದಣಿದೆಯಾ, ನೀರು ಕೊಡಲಾ ಎಂಬಂಥ ಮಾತು. ಕೊನೆಯಲ್ಲಿ ಮಾತ್ರ ಇಬ್ಬರೂ ಕೂಡಿ ಹಾಡುತ್ತಾರೆ, ಅದೂ ಒಂದೇ ಸಾಲು. ಕೇಳುವವರೆಲ್ಲ ಆ ಒಂದು ಸಾಲಿಗಾಗಿ ಕಾಯುತ್ತಾರೆ ಎಂದು ನನಗನ್ನಿಸುತ್ತದೆ. ನಾನಂತೂ ಕಾಯುತ್ತಿದ್ದೆ.

ಮೂರು ವರ್ಷದ ಹಿಂದೆ ದೀಪಾವಳಿಗೆ ಬಂದ ಮಗಳು ಅಪ್ಪನ ಫೋನಿಗೆ ಹಾಡುವ ಆ್ಯಪ್ ಒಂದನ್ನು ಹಾಕಿಕೊಟ್ಟಳು. ಅದರಲ್ಲಿ ವಾದ್ಯ ಮಾತ್ರ ಬರುತ್ತದೆ, ಹಾಡುವವರು ನಾವು. ಯುಗಳಗೀತೆಯಾದರೆ ನಮ್ಮ ಪಾಲಿನ ಅರ್ಧ ಹಾಡಿ ಬಿಟ್ಟುಬಿಡಬಹುದು. ಇನ್ನೆಲ್ಲೋ ಕೂತವರು ಇನ್ನರ್ಧ ಹಾಡಿ ತುಂಬುತ್ತಾರೆ. ಕೊನೆಗೆ ಇಬ್ಬರ ಫೋಟೊ ಅಕ್ಕಪಕ್ಕ ಬಂದು ಪೂರ್ತಿ ಹಾಡು ಕೇಳುತ್ತದೆ. ನಮ್ಮವರಿಗೆ ಇದು ಬಹಳ ಹಿಡಿಸಿತು. ಆವತ್ತೇ ಪಡಸಾಲೆಯಲ್ಲಿ ನನ್ನನ್ನು ಕರೆದು, ಫೋನು ಮುಂದೆ ಹಿಡಿದು, "ಬಾ ಇಲ್ಲೆ. ಆಕೀ ಸಾಲು ನೀ ಹಾಡು" ಎಂದರು.

ಮಗಳಿದ್ದಳು, ನನ್ನ ನಾದಿನಿ ಇದ್ದಳು, ಅಳಿಯನೂ ಇದ್ದ. ನಾನು ಸೆರಗು ಬಾಯಿಗೆ ಒತ್ತಿ ನಕ್ಕೆ. "ಏನ್ರೀ ಇದು? ನಾವೇನ ಹರೇದವರ? ಹಿಟ್ಟಿನ ಗಿರಣಿ ಹೀರೋ ಆಗ್ಯಾರ ನೋಡವಾ ನಿಮ್ಮಪ್ಪ" ಎಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಮತ್ತೆ ನನ್ನನ್ನು ಕರೆಯಲಿಲ್ಲ.

ಒಂದು ವರ್ಷದ ಮೇಲೆ, ಶಾಲೆಯ ಊಟದ ಬಿಡುವಿನಲ್ಲಿ, ನನ್ನ ಜೊತೆಯ ಇನ್ನೊಬ್ಬ ಅಕ್ಕೋರು ಫೋನು ಹಿಡಿದು ಬಂದಳು. "ಅಕ್ಕೋರ, ನಿಮ್ಮ ಯಜಮಾನರು ಏನ ಹಾಡ್ತಾರ್ರೀ! ಜೋಡೀನೂ ಮಸ್ತ್ ಐತಿ" ಎಂದು ತೋರಿಸಿದಳು. ನಮ್ಮವರ ಫೋಟೊ, ಅದರ ಪಕ್ಕಕ್ಕೆ ಹಣೆಗೆ ದೊಡ್ಡ ಕುಂಕುಮ ಇಟ್ಟ, ನಲವತ್ತರ ಆಸುಪಾಸಿನ ಒಬ್ಬ ಹೆಂಗಸಿನ ಫೋಟೊ. ಹಾಡು ಅದೇ. ಅವಳ ಊರಿನ ಜಾಗದಲ್ಲಿ ಮಳಗಿ ಎಂದಿತ್ತು. ಪಾಳಾದಿಂದ ಮಳಗಿ ಬಸ್ಸಿನಲ್ಲಿ ಅರ್ಧ ತಾಸಿನ ದಾರಿಯೂ ಅಲ್ಲ.

ನಾನು ನಕ್ಕಂತೆ ಮಾಡಿ, ಫೋನು ಇಸಿದುಕೊಂಡು, ಶಾಲೆಯ ಹಿಂದಿನ ನೀರಿನ ಟ್ಯಾಂಕಿನ ಹತ್ತಿರ ಹೋಗಿ ಒಬ್ಬಳೇ ಕೇಳಿದೆ. ಖರೆ ಹೇಳಬೇಕೆಂದರೆ ಮೊದಲು ನನಗೆ ಸಿಟ್ಟು ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಅವರ ದನಿಯಲ್ಲಿ ಇಪ್ಪತ್ನಾಲ್ಕು ವರ್ಷ ನಾನು ಅರ್ಧವನ್ನಷ್ಟೇ ಕೇಳಿದ್ದ ಹಾಡು ಅದು. ಈಗ ಪೂರ್ತಿಯಾಗಿ ಕೇಳಿತು. ಅವಳ ದನಿ ಸಣ್ಣದು, ಸ್ವಲ್ಪ ಒಡೆದದ್ದು, ಆದರೆ ನಮ್ಮವರ ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ಎದ್ದು ಬರುತ್ತಿತ್ತು. ಕೂಡಿ ಹಾಡುವ ಆ ಸಾಲಿನಲ್ಲಿ ಒಬ್ಬರ ಉಸಿರಿಗೆ ಇನ್ನೊಬ್ಬರು ಕಾಯುತ್ತಿದ್ದರು. ಅಷ್ಟು ಚಂದ ಇದ್ದದ್ದಕ್ಕೇ ಆಮೇಲೆ ನನಗೆ ಅಷ್ಟು ಸಿಟ್ಟು ಬಂತು. ಕೆಟ್ಟದಾಗಿ ಹಾಡಿದ್ದರೆ ನಕ್ಕು ಬಿಡುತ್ತಿದ್ದೆನೋ ಏನೋ.

ಕೆಳಗೆ ನೋಡಿದೆ. ಇದೇ ಹಾಡನ್ನು ಇವರಿಬ್ಬರೂ ಹದಿನಾಲ್ಕು ಸಲ ಹಾಡಿದ್ದರು. ಅವಳ ಹೆಸರಿನಲ್ಲಿ ಒಂದು ಬರಹ ಇತ್ತು: "ನಿಮ್ಮ ದನಿ ಕೇಳದಿದ್ರ ದಿನಾ ಹೋಗಂಗಿಲ್ರಿ. ಇವತ್ತೊಮ್ಮೆ ಹಾಡ್ರಿ."

ಸಂಜೆ ಮನೆಗೆ ಹೋದವಳು ನಮ್ಮವರನ್ನು ಒಂದು ಮಾತು ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾರೆ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಅವರು ನನಗೆ ಸುಳ್ಳು ಹೇಳಿದ ಒಂದು ಪ್ರಸಂಗವೂ ನೆನಪಿಗೆ ಬರಲಿಲ್ಲ ಎಂಬುದು ಬೇರೆ ಮಾತು. ರವಿವಾರ ನಾದಿನಿಯನ್ನು ಕರೆದುಕೊಂಡು, ಮುಂಡಗೋಡಕ್ಕೆ ಸೀರೆ ನೋಡಲು ಹೋಗುತ್ತೇವೆಂದು ಹೇಳಿ, ಮಳಗಿಯ ಬಸ್ಸು ಹತ್ತಿದೆ. ನಾದಿನಿಗೆ ಬಸ್ಸಿನಲ್ಲಿ ಎಲ್ಲ ಹೇಳಿದೆ. "ವೈನಿ, ಅಣ್ಣ ಹಂತಾಂವ ಅಲ್ಲಾ" ಎಂದಳು. "ನಿಮ್ಮಣ್ಣ ಅಂದ್ರ ನೀ ಹಂಗ ಅನ್ನಾಕೀನ" ಎಂದೆ.

ಮಳಗಿಯಲ್ಲಿ ಹಾಡುವ ಹೆಂಗಸಿನ ಮನೆ ಎಂದು ಕೇಳಿದರೆ ಎಲ್ಲರಿಗೂ ಗೊತ್ತಿತ್ತು. ಅವಳು ಬಟ್ಟೆ ಹೊಲಿಯುವಾಕೆ. ಕಟ್ಟೆಯ ಮೇಲೆ ಮಷಿನ್ನು ಹಾಕಿಕೊಂಡು ಕೂತಿದ್ದಳು. ಓಣಿಯ ಮೂವರು ಹೆಂಗಸರು ಜಂಪರ್ ಅಳತೆ ಕೊಡಲು ಬಂದವರು ಪಕ್ಕದಲ್ಲಿ ಕೂತಿದ್ದರು. ನಾನು ಹೋಗಿ ನಿಂತು, "ಪಾಳಾದ ಗಿರಣಿಯವರ ಹೇಣ್ತಿ ನಾನು, ಸಾಲಿ ಅಕ್ಕೋರು" ಎಂದೆ.

ಅವಳ ಮುಖ ಅರಳಿತು. ಇದನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ಅವಳು ಮಷಿನ್ನಿನಿಂದ ಗಡಬಡಿಸಿ ಎದ್ದು, "ಅಯ್ಯ, ಅಣ್ಣಾರ ಮನಿಯವರೇನ್ರಿ? ಬರ್ರಿ, ಒಳಗ ಬರ್ರಿ" ಎಂದಳು. ಒಳಗೆ ತಿರುಗಿ, "ರೀ, ಯಾರ ಬಂದಾರ ನೋಡ್ರಿ!" ಎಂದು ಕೂಗಿದಳು. ನಾವು ಸೌಹಾರ್ದದಿಂದ ಬಂದಿದ್ದೇವೆಂದು ತಿಳಿದಿದ್ದಳು.

"ಅಣ್ಣಾ ಅನ್ನಬ್ಯಾಡ" ಎಂದೆ. ಆಗಲೇ ನನ್ನ ದನಿ ಏರಿತ್ತು. "ಅಣ್ಣಗ ಯಾರೂ ಹಂತಾ ಮಾತ ಬರಿಯಂಗಿಲ್ಲ. ನಿನ್ನ ದನಿ ಕೇಳದಿದ್ರ ದಿನಾ ಹೋಗಂಗಿಲ್ಲಂತ! ಮನ್ಯಾಗ ಗಂಡ ಅದಾನೋ ಇಲ್ಲೋ? ಪರಗಂಡಸಿನ ಜೋಡಿ ದಿನಾ ಹಾಡಾಕ ನಾಚಿಕಿ ಬರೂದಿಲ್ಲ ನಿನಗ?"

ಇನ್ನೂ ಅಂದೆ. ಎಲ್ಲವನ್ನೂ ಬರೆಯಲು ಕೈ ಬರುವುದಿಲ್ಲ. ಮಕ್ಕಳ ಮುಂದೆ ಎಂದೂ ಆಡದ ಮಾತುಗಳನ್ನು ಆ ಕಟ್ಟೆಯ ಮೇಲೆ ಆಡಿದೆ. ಜಂಪರ್ ಕೊಡಲು ಬಂದ ಮೂವರೂ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದರು. ಎದುರು ಮನೆಯವರೂ ಬಾಗಿಲಿಗೆ ಬಂದರು. ಆ ಹೆಂಗಸು ಮಷಿನ್ನಿನ ಚಕ್ರದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು, ಅಷ್ಟೇ.

ಒಳಗಿನಿಂದ ಅವಳ ಗಂಡ ಬಂದ. ಎತ್ತರದ ಆಳು, ಬಹಳ ಸೊರಗಿದ್ದ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದ. ಉಸಿರು ಮೂಗಿನಿಂದಲ್ಲ, ಆ ಬಟ್ಟೆಯ ಹಿಂದಿನಿಂದ ಸೀಟಿಯಂತೆ ಬರುತ್ತಿತ್ತು. ನನ್ನ ಮುಂದೆ ನಿಂತು ಕೈ ಮುಗಿದ. ಆಮೇಲೆ ಮಕ್ಕಳು ಬರೆಯುವಂಥ ಒಂದು ಪಾಟಿ ತಗೊಂಡು, ಬಳಪದಿಂದ ಬರೆದು ನನಗೆ ತೋರಿಸಿದ. "ಅದನ್ನ ಬರದಾಂವ ನಾನು."

ನಾನು ಓದಿದೆ, ಅರ್ಥವಾಗಲಿಲ್ಲ. ಅವನು ಅಂಗೈಯಿಂದ ಒರೆಸಿ ಮತ್ತೆ ಬರೆದ. "ಅವರ ದನಿ ನನ್ನ ದನಿ ಹಂಗ ಐತಿ." ಒಂದು ಗಳಿಗೆ ಅದನ್ನೇ ನೋಡಿದ. ಐತಿ ಎಂಬುದನ್ನು ಬೆರಳಿನಿಂದ ಉಜ್ಜಿ, ಅದರ ಜಾಗದಲ್ಲಿ ಇತ್ತು ಎಂದು ಬರೆದ.

ಗಂಟಲಿನ ರೋಗಕ್ಕೆ ಅವನ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಅವನು ಮತ್ತು ಅವಳು ಆ ಹಾಡನ್ನು ತಮ್ಮ ಲಗ್ನದ ದಿನ ಮಂದಿಯ ಮುಂದೆ ಹಾಡಿದ್ದರಂತೆ, ಆಮೇಲೆ ಅಡುಗೆಮನೆಯಲ್ಲಿ, ಹೊಲದಲ್ಲಿ ಕಳೆ ತೆಗೆಯುವಾಗ, ಎಷ್ಟೋ ವರ್ಷ ಹಾಡಿದ್ದರಂತೆ. ದನಿ ಹೋದ ಮೇಲೆ ಅವನೇ ಫೋನಿನಲ್ಲಿ ಹುಡುಕಿ ಹುಡುಕಿ, ತನ್ನ ದನಿಯನ್ನು ಹೋಲುವ ದನಿಯೊಂದನ್ನು ಕಂಡುಹಿಡಿದು, ಅದರ ಜೊತೆ ಹೆಂಡತಿಯನ್ನು ಹಾಡಲು ಹಚ್ಚಿದ್ದ. ಅವಳು ಹಾಡುವಾಗ ಫೋನು ಹಿಡಿದುಕೊಳ್ಳುವವನು ಅವನೇ. ಬರೆಯುವವನೂ ಅವನೇ. ಇದೆಲ್ಲ ನನಗೆ ಪೂರ್ತಿ ತಿಳಿದದ್ದು ಆಮೇಲೆ. ಆದರೆ ಪಾಟಿಯ ಮೇಲಿನ ಆ ಎರಡು ಸಾಲಿನಿಂದಲೇ ಸಾಕಷ್ಟು ತಿಳಿಯಿತು.

ಆಗ ನಾನು ಮಾಡಬೇಕಾದದ್ದು ಒಂದೇ ಇತ್ತು. ಅಲ್ಲೇ, ಆ ಮೂವರ ಎದುರಿಗೇ, ತಪ್ಪಾಯಿತು ಎನ್ನಬೇಕಿತ್ತು. ಆದರೆ ಅಷ್ಟು ಮಂದಿಯ ಮುಂದೆ ಅಕ್ಕೋರಾದವಳು ತಲೆ ತಗ್ಗಿಸುವುದು ಹೇಗೆ ಎಂಬುದೊಂದೇ ತಲೆಯಲ್ಲಿತ್ತು. ಕಟ್ಟೆ ಇಳಿದು, ಹಿಂದೆ ನೋಡದೆ, ಬಸ್ಸು ನಿಲ್ಲುವ ಕಡೆ ನಡೆದುಬಿಟ್ಟೆ.

ನಾದಿನಿ ಓಡಿ ಬಂದಳು. "ವೈನಿ, ತಪ್ಪಾತು ಅಂತಾದ್ರೂ ಅನ್ನಬೇಕಿತ್ತು."

"ಬಸ್ಸು ಬಂತು, ನಡಿ. ನಿಮ್ಮಣ್ಣಗ ಏನೂ ಹೇಳಬ್ಯಾಡ" ಎಂದೆ.

ನೇರ ಮನೆಗೆ ಬರದೆ ಮುಂಡಗೋಡಕ್ಕೆ ಹೋಗಿ, ಸುಳ್ಳು ಖರೆಯಾಗಲಿ ಎಂದು ಒಂದು ಸೀರೆಯನ್ನೂ ಕೊಂಡೆ. ಹಸಿರು ಸೀರೆ. ಅದನ್ನು ಇನ್ನೂ ಉಟ್ಟಿಲ್ಲ.

ಎರಡು ದಿನದಲ್ಲಿ ಆ ಹೆಂಗಸಿನ ಖಾತೆ ಆ್ಯಪ್‌ನಿಂದ ಮಾಯವಾಯಿತು. ಇಬ್ಬರೂ ಕೂಡಿ ಹಾಡಿದ ಹದಿನಾಲ್ಕೂ ಹೋದವು. ನಮ್ಮವರು ಊಟಕ್ಕೆ ಕೂತಾಗ ಒಮ್ಮೆ, "ಮಳಗೀದೊಂದ ಹೆಣ್ಣಮಗಳು ಚಲೋ ಹಾಡ್ತಿತ್ತು. ಯಾಕೋ ಕಾಣವಲ್ಲದು. ಆಕೀ ಗಂಡಗ ಮೈಯಾಗ ಆರಾಮಿರಲಿಲ್ಲ, ಏನಾತೋ ಏನೋ" ಎಂದರು. ಎಷ್ಟು ಸಹಜವಾಗಿ ಎಂದರೆ, ನಾನು ಮೊದಲೇ ಕೇಳಿದ್ದರೆ ಹೀಗೆಯೇ ಹೇಳುತ್ತಿದ್ದರು ಎಂದು ಗೊತ್ತಾಯಿತು. ನಾನು ಅನ್ನಕ್ಕೆ ಸಾರು ಬಡಿಸಿದೆ. ಮೂರು ವಾರ ಹಾಗೆಯೇ ಸುಮ್ಮನಿದ್ದೆ. ಅವರು ಪ್ರತಿ ಮಧ್ಯಾಹ್ನ ತಮ್ಮ ಪಾಲಿನ ಅರ್ಧ ಹಾಡಿ ಬಿಡುತ್ತಿದ್ದರು. ಬೇರೆ ಯಾರು ಯಾರೋ ಬಂದು ಇನ್ನರ್ಧ ಹಾಡಿದರು. ಒಂದನ್ನು ಕೇಳಿ, "ಕಂಠ ಚಲೋ ಐತಿ, ಕಾಯೂದಿಲ್ಲ" ಎಂದು ಫೋನು ಕೆಳಗಿಟ್ಟರು.

ಅವರಿಗೆ ಸುದ್ದಿ ತಿಳಿದದ್ದು ಗಿರಣಿಯಲ್ಲೇ. ಮಳಗಿಯಿಂದ ತವರಿಗೆ ಬಂದ ಯಾರೋ ಅಕ್ಕಿ ಬೀಸಲು ತಂದವರು, ನಮ್ಮವರು ಹಿಂದೆಯೇ ನಿಂತದ್ದನ್ನು ಕಾಣದೆ, ಪಾಳಾದ ಅಕ್ಕೋರು ಬಂದು ಜಗಳ ತೆಗೆದ ಕಥೆಯನ್ನು ಇನ್ನೊಬ್ಬರಿಗೆ ಹೇಳಿದರಂತೆ. ಆವತ್ತು ಶಾಲೆ ಬಿಟ್ಟು ನಾನು ಗಿರಣಿಯ ಮುಂದೆ ಬಂದಾಗ ಅವರೊಬ್ಬರೇ ಇದ್ದರು.

"ಮಳಗಿಗೆ ಹೋಗಿದ್ದೇನು?" ಎಂದರು.

"ಹೂಂ ರೀ."

"ನನ್ನ ಕೇಳಬೇಕಿತ್ತಲ್ಲ."

"ನೀವರ ನನಗ ಯಾಕ ಹೇಳಲಿಲ್ಲ ಆಕೀ ಸುದ್ದಿ?"

ಅವರು ಕೈಗೆ ಹತ್ತಿದ ಹಿಟ್ಟು ಜಾಡಿಸಿದರು. "ಹಾಡಂದ್ರ ನೀ ನಗತಿದ್ದಿ. ಹಾಡಿನ ಸುದ್ದಿ ನಿನ್ನ ಮುಂದ ಬ್ಯಾಡ ಅನಸ್ತು." ಖಾಲಿ ಚೀಲವೊಂದನ್ನು ಮಡಚಿಡುತ್ತಾ, "ನನಗಂದಿದ್ರ ನಡೀತಿತ್ತು. ಆಕೀಗಿ ಅಂದು ಬಂದೀಯಲ್ಲ" ಎಂದರು.

ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಎದ್ದು ಹೋಗಿ ಮೋಟಾರಿನ ಬಟನ್ನು ಒತ್ತಿದರು. ಗಿರಣಿಯಲ್ಲಿ ಬೀಸಲು ಒಂದು ಕಾಳೂ ಇರಲಿಲ್ಲ. ಬರಿಯ ಗಿರಣಿ ಗುಡುಗುಡು ತಿರುಗುತ್ತಿತ್ತು, ನನ್ನ ಮಾತು ನನಗೇ ಕೇಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವರು ನನ್ನ ಮೇಲೆ ಮಾಡಿದ ದೊಡ್ಡ ಸಿಟ್ಟೆಂದರೆ ಅದೇ.

ಮರುದಿನ ರಜೆ ಹಾಕಿ ಒಬ್ಬಳೇ ಮಳಗಿಗೆ ಹೋದೆ. ಕಟ್ಟೆ ಖಾಲಿ ಇತ್ತು. ಮಷಿನ್ನನ್ನು ಒಳಗಿನ ಕೋಣೆಗೆ ಸಾಗಿಸಿದ್ದರು. ಅವಳು ನನ್ನನ್ನು ನೋಡಿ, "ಬರ್ರಿ ಅಕ್ಕೋರ, ಕುಂದರ್ರಿ" ಎಂದು ಚಾಪೆ ಹಾಸಿದಳು. ಈ ಸಲ ಮುಖ ಅರಳಲಿಲ್ಲ. ನಾನು ಚಾಪೆಯ ಮೇಲೆ ಕೂರದೆ, "ತಪ್ಪಾತ್ರಿ. ತಿಳೀದ ಅಂದೆ. ತಿಳಿದ ಮ್ಯಾಲೂ ಹಂಗ ಹೋದೆ, ಅದು ಇನ್ನೂ ದೊಡ್ಡ ತಪ್ಪು" ಎಂದೆ. ಕಾಲು ಮುಟ್ಟಲು ಬಗ್ಗಿದಾಗ ಹಿಂದಕ್ಕೆ ಸರಿದಳು.

"ನನಗ ಸಿಟ್ಟಿಲ್ರೀ ಈಗ" ಎಂದಳು. "ಸಿಟ್ಟ ಇತ್ತು, ಹೋತು. ಆದ್ರ ನೀವು ನನ್ನ ಮುಂದ ಹೇಳಿ ಏನ ಮಾಡೂದೈತ್ರಿ? ನನಗ ನಾ ಹೆಂತಾಕಿ ಅಂತ ಗೊತ್ತೈತಿ. ಓಣ್ಯಾಗಿನ ಮಂದಿಗೆ ಗೊತ್ತಿಲ್ಲ."

ಅವಳು ಸಿಡುಕಿನಿಂದ ಹೇಳಲಿಲ್ಲ, ಜಂಪರಿನ ತೋಳು ಬಿಗಿಯಾಯಿತು ಎಂದು ಹೇಳುವಷ್ಟು ಸಾದಾ ದನಿಯಲ್ಲಿ ಹೇಳಿದಳು. ಹೊಲಿಯಲು ಕೊಡುವವರು ಕಡಿಮೆಯಾಗಿದ್ದರು. ಬರುವವರು ಅಳತೆ ಕೊಡುವಾಗ ಫೋನಿನ ಕಡೆ ಕಣ್ಣು ಹಾಯಿಸಿ ನಗುತ್ತಿದ್ದರು. ಅವಳ ಗಂಡ ಹೊರಗೆ ಕೂಡುವುದನ್ನೇ ಬಿಟ್ಟಿದ್ದ.

"ಯಾರ ಯಾರ ಮನಿ ಹೇಳ್ರಿ" ಎಂದೆ.

ಆವತ್ತು ಕಟ್ಟೆಯ ಮೇಲಿದ್ದ ಮೂವರ ಮನೆ, ಎದುರು ಮನೆ, ನಾಲ್ಕಕ್ಕೂ ಹೋದೆ. ಬಾಗಿಲಲ್ಲಿ ನಿಂತು, ನಾನು ಆವತ್ತು ಬಂದು ಬಯ್ದವಳು, ಬಯ್ದದ್ದು ಸುಳ್ಳು, ಆಕೆಯದೇನೂ ತಪ್ಪಿಲ್ಲ, ಆಕೆಯ ಗಂಡನೇ ಹಾಡಿಸುತ್ತಿದ್ದುದು, ಎಂದು ಹೇಳಿದೆ. ಎಷ್ಟು ಕಲಿಸಿದರೂ ಪಾಠ ಒಪ್ಪಿಸಲು ಬಾರದ ಮಕ್ಕಳಂತೆ ಮಾತು ತಡೆಯುತ್ತಿತ್ತು. ಮೊದಲಿನವಳು, "ಹೋಗ್ಲಿ ಬಿಡ್ರಿ, ಅದೇನ ನಮಗ್ಯಾಕ" ಎಂದಳು. ಅವಳ ಕಣ್ಣಿನಲ್ಲಿ ನಂಬಿಕೆ ಕಾಣಲಿಲ್ಲ. ಗಂಡಂದಿರು ಸೇರಿ ರಾಜಿ ಮಾಡಿಸಿದ್ದಾರೆ ಎಂದು ತಿಳಿದುಕೊಂಡಿರಬೇಕು. ಎರಡನೆಯವಳು ಚಹಾ ಕೊಟ್ಟು, ಮತ್ತಷ್ಟು ಸುದ್ದಿ ಕೆದಕಲು ನೋಡಿದಳು. ಮೂರನೆಯವಳು ಮನೆಯಲ್ಲಿರಲಿಲ್ಲ. ಅವಳಿಗೆ ಹೇಳಲು ಮುಂದಿನ ರವಿವಾರ ಮತ್ತೆ ಹೋದೆ.

ಎದುರು ಮನೆಯಲ್ಲಿ ವಯಸ್ಸಾದ ಒಬ್ಬ ಅಜ್ಜಿ ಹುರುಳಿ ಹಸನು ಮಾಡುತ್ತಿದ್ದಳು. ನನ್ನ ಮಾತನ್ನೆಲ್ಲ ಕೇಳಿದಳು. ಮೊರ ಕೆಳಗಿಟ್ಟು, "ನನಗ ಇದು ಮೊದಲ ಗೊತ್ತಿತ್ತವ್ವಾ. ಅಂವ ಪಾಟಿ ತೋರಿಸಿದಾಗ ನಾನೂ ಬಾಗಲದಾಗ ನಿಂತಿದ್ದೆ. ನೀ ಆವತ್ತ ಹೇಳಿದ್ರ ಮುಗೀತಿತ್ತು. ಅಂಜಿ ಓಡಿದಿ. ಓಡಿದಾಕೀನ್ನ ನೋಡಿ, ಇದರಾಗ ಏನೋ ಐತಿ ಅಂದ್ರು ಎಲ್ಲಾರೂ" ಎಂದಳು.

ನನಗೆ ಹೊಳೆದಿರಲಿಲ್ಲ. ನಾನು ಬಯ್ದದ್ದಕ್ಕಿಂತ, ನಾನು ಸುಮ್ಮನೆ ಹೋದದ್ದು ಅವಳಿಗೆ ಹೆಚ್ಚು ಕೆಡುಕು ಮಾಡಿತ್ತು.

ಅಷ್ಟಾದರೂ ಹೊಲಿಗೆ ನಿಧಾನಕ್ಕೆ ಮರಳಿ ಬಂತು. ಲಗ್ನದ ದಿನಗಳು ಬಂದಾಗ ಒಳ್ಳೆಯ ಹೊಲಿಗೆಯವಳನ್ನು ಎಷ್ಟು ದಿನ ದೂರ ಇಡುತ್ತಾರೆ? ನಮ್ಮ ಶಾಲೆಯ ಹೆಂಗಸರಿಗೂ ನಾನು ಅವಳ ಹೆಸರು ಹೇಳಿದೆ, ಇಬ್ಬರು ಹೋಗಿ ಬಂದರು. ಮಷಿನ್ನು ಮಾತ್ರ ಇನ್ನೂ ಒಳಗೇ ಇದೆ. ಆ್ಯಪ್‌ಗೆ ಅವಳು ಮರಳಲಿಲ್ಲ. ನಾನು ಒಮ್ಮೆ ಕೇಳಿದ್ದಕ್ಕೆ, "ಬ್ಯಾಡ್ರಿ, ಸಾಕು" ಎಂದಳು, ಅಷ್ಟೇ. ಇದನ್ನು ಬರೆಯಲೇ ಎಂದು ಕೇಳಿದಾಗ, "ಹೆಸರ ಹಾಕಬ್ಯಾಡ್ರಿ. ನಿಮ್ಮದೂ ಹಾಕಬ್ಯಾಡ್ರಿ" ಎಂದಳು.

ಹೋದ ವರ್ಷ ಮಳೆ ನಿಂತ ಮೇಲೆ ಅವಳ ಗಂಡ ಗಿರಣಿಗೆ ಬಂದಿದ್ದ. ನಾನು ಇರಲಿಲ್ಲ, ನಮ್ಮವರೇ ಹೇಳಿದ್ದು. ಪಾಟಿ ತಂದಿದ್ದನಂತೆ. ಕರೆಂಟು ಹೋಗುವವರೆಗೆ ಕಾದು ಕೂತು, ಗಿರಣಿ ನಿಂತ ಮೇಲೆ ಹಾಡು ಕೇಳಿ, ಒಂದು ಸಾಲು ಬರೆದನಂತೆ. ಏನು ಬರೆದ ಎಂದು ನಮ್ಮವರು ಹೇಳಲಿಲ್ಲ. ಅಂದಿನಿಂದ ಅವರು ತಮ್ಮ ಪಾಲಿನ ಅರ್ಧ ಹಾಡನ್ನು ನೇರವಾಗಿ ಅವನ ಫೋನಿಗೆ ಕಳಿಸುತ್ತಾರೆ. ವಾರಕ್ಕೊಮ್ಮೆ, ಕೆಲವು ಸಲ ಎರಡು ಬಾರಿ. ಮಳಗಿಯ ಆ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಅವನು ಫೋನು ಹಿಡಿದು ಕೂತಿದ್ದರೆ, ಅವಳು ಅಡುಗೆ ಮಾಡುತ್ತಾ ತನ್ನ ಅರ್ಧ ಹಾಡುತ್ತಾಳಂತೆ. ಯಾರೂ ರೆಕಾರ್ಡ್ ಮಾಡುವುದಿಲ್ಲ. ಅದು ಅವರಿಬ್ಬರಿಗೆ ಮಾತ್ರ.

"ನೀವು ಒಮ್ಮೆನೂ ಪೂರ್ತಿ ಕೇಳಿಲ್ಲೇನು ಆಮ್ಯಾಲೆ?" ಎಂದು ಮೊನ್ನೆ ನಮ್ಮವರನ್ನು ಕೇಳಿದೆ.

"ಇಲ್ಲ" ಎಂದರು.

"ಕೇಳಬೇಕ ಅನಸೂದಿಲ್ಲ?"

ಗಿರಣಿಯ ಬೇರಿಂಗಿಗೆ ಎಣ್ಣೆ ಹಾಕುತ್ತಿದ್ದವರು ತಲೆ ಎತ್ತಲಿಲ್ಲ. "ಅನಸ್ತೈತಿ" ಎಂದರು. ನಾನು ಇನ್ನೂ ಏನಾದರೂ ಹೇಳುತ್ತಾರೇನೋ ಎಂದು ಕಾದೆ. ಹೊರಗೆ ಯಾರೋ ಜೋಳದ ಚೀಲ ತಂದು ಇಳಿಸಿದರು, ನಾನು ಎದ್ದು ಬಾಗಿಲು ಬಿಟ್ಟು ಸರಿದು ನಿಂತೆ.